ಬಾಳ್ ಠಾಕ್ರೆ: ವ್ಯಂಗ್ಯಚಿತ್ರಕಾರ ಶಿವಸೇನೆ ಕಟ್ಟಿದ್ದು ಹೇಗೆ?

ಪ್ರಶ್ನೆ: ಬಾಳ್ ಠಾಕ್ರೆ ಮೊದಲು ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದರಂತೆ, ನಿಜವೇ? ಚಿತ್ರ ಬರೆಯುವವರು ಮುಂಬೈಯನ್ನೇ ಬಂದ್ ಮಾಡಿಸುವ ಮುಖಂಡರಾದದ್ದು ಹೇಗೆ?

ನಿಜ. 1926ರಲ್ಲಿ ಪುಣೆಯಲ್ಲಿ ಹುಟ್ಟಿದ ಠಾಕ್ರೆ ಮುಂಬೈಯ ‘ಫ್ರೀ ಪ್ರೆಸ್ ಜರ್ನಲ್’ನಲ್ಲಿ ವ್ಯಂಗ್ಯಚಿತ್ರಕಾರರಾಗಿದ್ದರು. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಕೂಡ ಕೆಲಕಾಲ ಅದೇ ಪತ್ರಿಕೆಯಲ್ಲಿದ್ದರು. ಆಮೇಲೆ ಲಕ್ಷ್ಮಣ್ ‘ಟೈಮ್ಸ್ ಆಫ್ ಇಂಡಿಯಾ’ಕ್ಕೆ ಹೋಗಿ ಬದುಕಿಡೀ ಚಿತ್ರಕ್ಕೇ ನಿಂತರು. ಠಾಕ್ರೆ ಹಿಡಿದ ದಾರಿ ಬೇರೆ.

ಆ ದಾರಿ ಶುರುವಾದದ್ದು ಮನೆಯಿಂದಲೇ. ತಂದೆ ‘ಪ್ರಬೋಧನಕಾರ’ ಕೇಶವ ಸೀತಾರಾಮ ಠಾಕ್ರೆ ಸಮಾಜ ಸುಧಾರಕರು, ಹರಿತವಾದ ಲೇಖಕರು, ಮುಂಬೈ ಸೇರಿದ ಮರಾಠಿ ರಾಜ್ಯ ಬೇಕೆಂದ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಮುಂಚೂಣಿಯಲ್ಲಿದ್ದವರು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯವಾಯಿತು. ಅದೇ ಆಗಸ್ಟಿನಲ್ಲಿ ಬಾಳ್ ಠಾಕ್ರೆ, ತಮ್ಮ ಶ್ರೀಕಾಂತರ ಜೊತೆ ಸೇರಿ ‘ಮಾರ್ಮಿಕ್’ ಎಂಬ ವ್ಯಂಗ್ಯಚಿತ್ರ ವಾರಪತ್ರಿಕೆ ತೆಗೆದರು.

ಜನ ಮೊದಮೊದಲು ಅದನ್ನು ಕೊಂಡದ್ದು ಚಿತ್ರಕ್ಕಾಗಿ. ಆದರೆ ಶಿವಸೇನೆ ಹುಟ್ಟಿದ್ದು ಚಿತ್ರದಿಂದಲ್ಲ, ಅದೇ ಪತ್ರಿಕೆಯ ಒಂದು ಹೆಸರುಪಟ್ಟಿಯಿಂದ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಟೆಲಿಫೋನ್ ಡೈರೆಕ್ಟರಿ ತಿರುವಿ, ಮುಂಬೈಯ ಕಂಪನಿಗಳಲ್ಲಿ ಅಧಿಕಾರಿಗಳಾಗಿದ್ದವರ ಹೆಸರು ಹೆಕ್ಕಿ, ಸಾಲಾಗಿ ಅಚ್ಚು ಹಾಕುತ್ತಿದ್ದರು. ಹೆಚ್ಚಿನವು ದಕ್ಷಿಣ ಭಾರತದವರ ಹೆಸರು. ಮೇಲಿನ ತಲೆಬರಹ ‘ವಾಚಾ ಆಣಿ ಥಂಡ ಬಸಾ’, ಅಂದರೆ ಓದಿ, ತೆಪ್ಪಗೆ ಕೂತಿರಿ. ಕೆಲಸ ಸಿಗದೆ ಅಲೆಯುತ್ತಿದ್ದ ಮರಾಠಿ ಹುಡುಗನಿಗೆ ಅದನ್ನು ಓದಿದ ಮೇಲೆ ಕೂರಲಾಗುತ್ತದೆಯೇ? ಮುಂದೆ ತಲೆಬರಹವೇ ‘ವಾಚಾ ಆಣಿ ಉಠಾ’ ಎಂದಾಯಿತು: ಓದಿ, ಎದ್ದೇಳಿ. 1966ರ ಜೂನ್ 19ರಂದು ಶಿವಸೇನೆ ಸ್ಥಾಪನೆಯಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಮುಂಬೈಯ ಶಿವಾಜಿ ಪಾರ್ಕಿನಲ್ಲಿ ಮೊದಲ ದೊಡ್ಡ ಸಭೆ ನಡೆಯಿತು.

ವ್ಯಂಗ್ಯಚಿತ್ರದಲ್ಲಿ ತಪ್ಪು ಯಾರದೆಂದು ಒಂದೇ ನೋಟಕ್ಕೆ ಗೊತ್ತಾಗಬೇಕು, ಅಡಿಬರಹ ಒಂದೇ ಸಾಲಿನದಿರಬೇಕು. ಠಾಕ್ರೆ ಭಾಷಣದ ಕಟ್ಟೂ ಇದೇ. ಮರಾಠಿ ಯುವಕರ ನಿರುದ್ಯೋಗ ಸುಳ್ಳಾಗಿರಲಿಲ್ಲ. ಆದರೆ ಅದರ ಕಾರಣಗಳನ್ನೆಲ್ಲ ದಕ್ಷಿಣದವರ ಒಂದು ಲುಂಗಿಗೆ ಗಂಟು ಹಾಕಿದ್ದು ದೊಡ್ಡ ಅನ್ಯಾಯ. ‘ಬಜಾವ್ ಪುಂಗಿ, ಹಟಾವ್ ಲುಂಗಿ’ (ಪುಂಗಿ ಊದಿ, ಲುಂಗಿಯವರನ್ನು ಓಡಿಸಿ) ಎಂಬ ಘೋಷಣೆಯ ಏಟು ತಿಂದವರು ದೊಡ್ಡ ಅಧಿಕಾರಿಗಳಷ್ಟೇ ಅಲ್ಲ. ಕರಾವಳಿಯಿಂದ ಹೋಗಿ, ಹಗಲು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿಯುತ್ತಿದ್ದ ಹುಡುಗರ ಊರು ಮುಂಬೈ. ಕಲ್ಲು ಬಿದ್ದದ್ದು ಅಂಥ ಹೋಟೆಲುಗಳ ಮೇಲೂ.

ಬೆಳಗಾವಿ ಮೈಸೂರು ರಾಜ್ಯದಲ್ಲೇ (ಇಂದಿನ ಕರ್ನಾಟಕ) ಇರಲಿ ಎಂದು, ಗಡಿ ವಿವಾದಕ್ಕಾಗಿ ಕೇಂದ್ರ ನೇಮಿಸಿದ್ದ ಮಹಾಜನ್ ಆಯೋಗ 1967ರಲ್ಲಿ ಹೇಳಿತ್ತು. ಗಡಿಯ ಹೆಸರಿನಲ್ಲಿ 1969ರ ಫೆಬ್ರುವರಿಯಲ್ಲಿ ಶಿವಸೇನೆ ಬೀದಿಗಿಳಿದಾಗ ಮುಂಬೈಯಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. ಠಾಕ್ರೆ ಜೈಲಿಗೆ ಹೋದರು, ಹೊರಬಂದಾಗ ಇನ್ನೂ ದೊಡ್ಡವರಾಗಿದ್ದರು.

ಮುಂದಿನದು ಬಹುಮಂದಿಗೆ ಗೊತ್ತಿರುವುದೇ: ಹಿಂದುತ್ವದತ್ತ ಹೊರಳಿದ್ದು, 1992-93ರ ಮುಂಬೈ ಗಲಭೆಗಳ ತನಿಖೆ ಮಾಡಿದ ಶ್ರೀಕೃಷ್ಣ ಆಯೋಗ ಅವರತ್ತ ಬೊಟ್ಟು ಮಾಡಿದ್ದು, 1995ರಲ್ಲಿ ಶಿವಸೇನೆಯ ಮನೋಹರ ಜೋಶಿ ಮಹಾರಾಷ್ಟ್ರದ ಮುಖ್ಯಮಂತ್ರಿಯಾದದ್ದು. ಠಾಕ್ರೆ ಮಾತ್ರ 2012ರಲ್ಲಿ ತೀರಿಕೊಳ್ಳುವವರೆಗೂ ಒಂದು ಚುನಾವಣೆಗೂ ನಿಲ್ಲಲಿಲ್ಲ. ಶ್ರೀಕಾಂತರ ಮಗ ರಾಜ್ ಠಾಕ್ರೆ ದೊಡ್ಡಪ್ಪನಂತೆ ವ್ಯಂಗ್ಯಚಿತ್ರ ಬರೆಯುತ್ತಾರೆ. 2006ರಲ್ಲಿ ಅವರೂ ತಮ್ಮದೇ ಪಕ್ಷ ಕಟ್ಟಿದರು.