8.2 ಲೀಟರ್ ಎಂಜಿನ್, ಬರೀ 190 ಎಚ್‌ಪಿ: ಲೆಕ್ಕ ತಪ್ಪಿದ್ದು ಎಲ್ಲಿ?

1970ರ ಕ್ಯಾಡಿಲಾಕ್ ಎಲ್ಡೊರಾಡೊ ಕಾರಿನ ಬಾನೆಟ್ ಕೆಳಗೆ 8.2 ಲೀಟರಿನ ವಿ8 ಎಂಜಿನ್ ಇತ್ತು. ವಿ8 ಅಂದರೆ 'ವಿ' ಆಕಾರದಲ್ಲಿ ಎರಡು ಬದಿಗೆ ನಾಲ್ಕು ನಾಲ್ಕು ಸಿಲಿಂಡರ್; ಲೀಟರ್ ಲೆಕ್ಕ ಆ ಸಿಲಿಂಡರುಗಳ ಒಟ್ಟು ಗಾತ್ರದ್ದು. ಕಂಪನಿ ಹೇಳಿದ ಶಕ್ತಿ 400 ಎಚ್‌ಪಿ, ಅಂದರೆ 400 ಕುದುರೆ ಶಕ್ತಿ. 1976ರ ಹೊತ್ತಿಗೆ ಅದೇ ಗಾತ್ರದ ಎಂಜಿನ್ನಿನ ಹೆಸರಿನ ಮುಂದೆ ಇದ್ದದ್ದು 190. ಹಳೆ ಕಾರುಗಳ ಹುಚ್ಚಿರುವವರು ಸೇರಿದರೆ ಈ ಎರಡು ಅಂಕಿಗಳ ಮೇಲೆ ಒಂದು ಜಗಳ ಗ್ಯಾರಂಟಿ. ಒಬ್ಬರು ಹೊಗೆ ಕಾನೂನನ್ನು ಬೈಯುತ್ತಾರೆ, ಇನ್ನೊಬ್ಬರು ಪೆಟ್ರೋಲ್ ಬೆಲೆಯನ್ನು. ನಡುವೆ ಯಾರಾದರೂ ಹಡಗಿನ ಎಂಜಿನ್ ವಿಷಯ ಎತ್ತಿದರೆ ಮುಗೀತು, ಮಾತು ಎಲ್ಲೆಲ್ಲಿಗೋ ಹೋಗುತ್ತದೆ.

ಮೊದಮೊದಲು ಎಂಜಿನ್ ದೊಡ್ಡದಾಗಿದ್ದು ಶೋಕಿಗಲ್ಲ. ಆಗಿನ ಪೆಟ್ರೋಲ್ ಕಳಪೆ. ಸಿಲಿಂಡರಿನೊಳಗೆ ಜಾಸ್ತಿ ಒತ್ತಿದರೆ ಕಿಡಿ ತಾಗಿಸಿದ ಮೇಲೆ ಸರಿಯಾಗಿ ಉರಿಯುವ ಬದಲು ಎಲ್ಲೆಂದರಲ್ಲಿ ಸಿಡಿಯುತ್ತಿತ್ತು. ಜೋರಾಗಿ ತಿರುಗಿಸಿದರೆ ಬಿಡಿಭಾಗಗಳು ತಡೆಯುತ್ತಿರಲಿಲ್ಲ. ಶಕ್ತಿ ಬೇಕಾದರೆ ಸಿಲಿಂಡರನ್ನೇ ಹಿಗ್ಗಿಸಬೇಕು. 1911ರ ಫಿಯಟ್ ಎಸ್76ಕ್ಕೆ ನಾಲ್ಕೇ ಸಿಲಿಂಡರ್, ಆದರೆ ಒಟ್ಟು 28.4 ಲೀಟರ್! ಅಷ್ಟಾದರೂ ಸಿಕ್ಕಿದ್ದು ಸುಮಾರು 290 ಎಚ್‌ಪಿ. ಇವತ್ತು ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ ಇರುವ ಎರಡು ಲೀಟರಿನ ಎಂಜಿನ್ನೇ ಅಷ್ಟು ಕೊಡುತ್ತದೆ. ಆಮೇಲೆ ಎರಡು ಮಹಾಯುದ್ಧಗಳು ಮುಗಿದವು, ಹಾಗೆ ಸಿಡಿಯದಿರಲಿ ಅಂತ ಪೆಟ್ರೋಲಿಗೆ ಸೀಸ ಬೆರೆಸಿದರು, ಉಕ್ಕು ಗಟ್ಟಿಯಾಯಿತು. ದೊಡ್ಡದು ಮಾಡಲೇಬೇಕಾದ ಕಾರಣ ಹೋಯಿತು, ದೊಡ್ಡದರ ಮೇಲಿನ ಆಸೆ ಉಳಿಯಿತು.

ಆ ಆಸೆ ಕೆರಳಿದ್ದು 1964ರಲ್ಲಿ, ಅಮೆರಿಕದಲ್ಲಿ. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಅಂತ ಜನರಲ್ ಮೋಟಾರ್ಸ್ ತನಗೆ ತಾನೇ ನಿಯಮ ಮಾಡಿಕೊಂಡಿತ್ತು. ಅದರದೇ ಪಾಂಟಿಯಾಕ್ ವಿಭಾಗದ ಎಂಜಿನಿಯರುಗಳು ಆ ನಿಯಮವನ್ನು ಸರಿಯಾಗಿ ಓದಿದರು. ನಿಯಮ ಇದ್ದದ್ದು ಮಾಡೆಲ್‌ಗಳಿಗೆ. ಗಿರಾಕಿ ಕೇಳಿ ಹಾಕಿಸಿಕೊಳ್ಳುವ ಆಪ್ಷನ್‌ಗೆ ಅಲ್ವಲ್ಲ! ಹಾಗಾಗಿ 389 ಘನ ಇಂಚಿನ, ಅಂದರೆ 6.4 ಲೀಟರಿನ ಎಂಜಿನ್ ಟೆಂಪೆಸ್ಟ್ ಕಾರಿಗೆ 'ಜಿಟಿಒ' ಅನ್ನುವ ಆಪ್ಷನ್ ಆಗಿ ಬಂತು. ಮೊದಲ ವರ್ಷವೇ 32,000ಕ್ಕೂ ಹೆಚ್ಚು ಹೋದವು. ಮಿಕ್ಕ ಕಂಪನಿಗಳು ಸುಮ್ನೆ ಕೂರುತ್ತವೆಯೇ? ಕ್ರೈಸ್ಲರ್‌ನ 7 ಲೀಟರಿನ 'ಹೆಮಿ' ಎಂಜಿನ್ ರೇಸಿನಿಂದ 1966ಕ್ಕೆ ರಸ್ತೆಗಿಳಿಯಿತು.

ಈ ವಿ8ಗಳ ಸದ್ದು ಕೇಳಿದವರಿಗೆ ಗೊತ್ತು. ನಿಂತಲ್ಲೇ ಗುಡುಗುಡು ಅನ್ನುತ್ತವೆ, ಆದರೆ ತಾಳ ಸಮ ಇರುವುದಿಲ್ಲ. ಎಂಟೂ ಸಿಲಿಂಡರ್ ಒಟ್ಟಾಗಿ ಸಮನಾದ ಅಂತರದಲ್ಲೇ ಉರಿಯುತ್ತವೆ. ಆದರೆ ಒಂದು ಬದಿಯ ನಾಲ್ಕನ್ನು ಮಾತ್ರ ನೋಡಿದರೆ ಎರಡು ಹತ್ತಿರ ಹತ್ತಿರ ಉರಿದು, ಮುಂದಿನದು ತಡವಾಗುತ್ತದೆ. ಪಿಸ್ಟನ್‌ಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕ್‌ಶಾಫ್ಟಿನ ಜೋಡಣೆಯೇ ಹಾಗಿದೆ. ಸೈಲೆನ್ಸರಿನಲ್ಲಿ ಕೇಳುವುದು ಆ ಎಡವಟ್ಟು ತಾಳವೇ. ಅಭಿಮಾನಿಗಳು ಅಂಕಿ ಹಿಡಿದು ಜಗಳ ಆಡಿದರೂ ಮರುಳಾಗಿರುವುದು ಈ ಸದ್ದಿಗೇ ಅಂತ ನನಗೆ ಅನುಮಾನ.

ಇನ್ನು ಆ 400 ಮತ್ತು 190ರ ವಿಷಯ. 1970ರಲ್ಲಿ ಅಮೆರಿಕದಲ್ಲಿ ಗಾಳಿ ಶುದ್ಧತೆಯ ಕಾನೂನು ಬಿಗಿಯಾಯಿತು. ಸೀಸ ಕಮ್ಮಿ ಇರುವ ಪೆಟ್ರೋಲಿಗೆ ಒಗ್ಗಲಿ ಅಂತ ಎಂಜಿನ್ನುಗಳ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಒತ್ತುವ ಪ್ರಮಾಣ, ಇಳಿಸಿದರು. ಎಲ್ಡೊರಾಡೊ 1971ರಲ್ಲಿ 365ಕ್ಕೆ ಬಂತು. ಮರುವರ್ಷ ನೇರವಾಗಿ 235! ಎಂಜಿನ್ ಹೆಚ್ಚುಕಮ್ಮಿ ಅದೇ, ಬದಲಾಗಿದ್ದು ಅಳೆಯುವ ರೀತಿ. ಅಲ್ಲಿಯವರೆಗೆ ಏರ್ ಫಿಲ್ಟರ್, ಸೈಲೆನ್ಸರ್, ಫ್ಯಾನ್ ಯಾವುದೂ ಇಲ್ಲದೆ ಬರೀ ಎಂಜಿನ್ನನ್ನು ಸ್ಟ್ಯಾಂಡಿನ ಮೇಲಿಟ್ಟು ಅಳೆಯುತ್ತಿದ್ದರು. 1972ರಿಂದ ಕಾರಿನಲ್ಲಿ ಹೇಗಿರುತ್ತದೋ ಹಾಗೆ ಅಳೆದರು. ಒಟ್ಟು ಇಳಿದ 210ರಲ್ಲಿ 130 ಆ ಒಂದೇ ವರ್ಷದ್ದು. ಕಳೆದುಹೋಯಿತು ಅಂತ ಅಳುವ ಕುದುರೆಗಳಲ್ಲಿ ಬಹಳಷ್ಟು ಲಾಯದಲ್ಲಿ ಇರಲೇ ಇಲ್ಲ. 1973ರ ತೈಲ ಬಿಕ್ಕಟ್ಟು, ಏರಿದ ವಿಮೆ ಕಂತು ಉಳಿದ ಕೆಲಸ ಮುಗಿಸಿದವು.

ಹಡಗಿನ ಕಥೆ ಪೂರ್ತಿ ಉಲ್ಟಾ. 2006ರ ಎಮ್ಮಾ ಮೆರ್ಸ್ಕ್ ಅನ್ನುವ ಸರಕು ಹಡಗಿನ ಎಂಜಿನ್ 2,300 ಟನ್ ತೂಗುತ್ತದೆ. 14 ಸಿಲಿಂಡರ್, ಸುಮಾರು 1,09,000 ಎಚ್‌ಪಿ. ಪಿಸ್ಟನ್ 96 ಸೆಂಟಿಮೀಟರ್ ಅಗಲ, ಮೇಲಿನಿಂದ ಕೆಳಗೆ ಎರಡೂವರೆ ಮೀಟರ್ ಚಲಿಸುತ್ತದೆ. ಎತ್ತರದ ಆಳು ಒಬ್ಬ ಆ ದಾರಿಯಲ್ಲಿ ನೆಟ್ಟಗೆ ನಿಲ್ಲಬಹುದು. ತಿರುಗುವುದು ಮಾತ್ರ ನಿಮಿಷಕ್ಕೆ 102 ಸಲ. ದೊಡ್ಡ ಪ್ರೊಪೆಲ್ಲರ್ ನಿಧಾನಕ್ಕೆ ತಿರುಗಿದಷ್ಟೂ ನೀರನ್ನು ಚೆನ್ನಾಗಿ ತಳ್ಳುತ್ತದೆ, ನಡುವೆ ಗೇರ್‌ಬಾಕ್ಸೂ ಬೇಡ. ಎಣ್ಣೆಯ ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧ ಕೆಲಸಕ್ಕೆ ಬರುತ್ತದೆ. ಎಲ್ಡೊರಾಡೊ ಕಾಲದ ವಿ8ಗೆ ಇದು ಕನಸು. ಕಾರಿನಲ್ಲಿ ದೊಡ್ಡ ಎಂಜಿನ್ ಅಂದರೆ ದುಂದು, ಹಡಗಿನಲ್ಲಿ ಉಳಿತಾಯ. ಆದರೂ 2008ರ ನಂತರ ಸರಕು ಕಮ್ಮಿಯಾಗಿ, ಇಂತಹ ಹಡಗುಗಳು ಎಣ್ಣೆ ಉಳಿಸಲು ವೇಗ ತಗ್ಗಿಸಿ ಓಡತೊಡಗಿದವು.

ಕಾರಿನವರು ತಗ್ಗಲಿಲ್ಲ. 2021ರಲ್ಲಿ ಷೆವ್ರೊಲೆ 632 ಘನ ಇಂಚಿನ, 10.35 ಲೀಟರಿನ ವಿ8 ಹೊರತಂದಿತು. ಟರ್ಬೊ ಇಲ್ಲದೆಯೇ 1,004 ಎಚ್‌ಪಿ. ಕಂಪನಿಯ ಯಾವ ಕಾರಿನಲ್ಲೂ ಅದು ಬರುವುದಿಲ್ಲ. ಬರೀ ಎಂಜಿನ್ ಕೊಂಡು, ಕಾರನ್ನು ನೀವೇ ಹುಡುಕಿಕೊಳ್ಳಬೇಕು.