ಐರನ್ ಮೇಡನ್‌ನ ಈಚಿನ ಆಲ್ಬಂಗಳು ಮಂಕಾಗಿ ಕೇಳುವುದು ಮಾಸ್ಟರಿಂಗ್ ಆಗಿಲ್ಲವೆಂದೇ?

ಪ್ರಶ್ನೆ: ಬ್ರಿಟನ್ನಿನ ಹೆವಿ ಮೆಟಲ್ ತಂಡ ಐರನ್ ಮೇಡನ್‌ನ ಎಂಬತ್ತರ ದಶಕದ ಆಲ್ಬಂಗಳೆಲ್ಲ ಬಾಯಿಪಾಠ. 2000ದ ನಂತರದವು ಮಾತ್ರ ಕಿವಿಗೆ ಹತ್ತುತ್ತಿಲ್ಲ. ಅವಕ್ಕೆ ಮಾಸ್ಟರಿಂಗೇ ಮಾಡಿಲ್ಲವಂತೆ, ಅದಕ್ಕೇ ಮಂಕು ಅಂತ ಗೆಳೆಯರು ಹೇಳುತ್ತಾರೆ. ನಿಜವೇ? ಕೇಳುವುದಾದರೆ ಎಲ್ಲಿಂದ ಶುರು ಮಾಡಲಿ? (ಡೊಂಬಿವಲಿಯ ಓದುಗರೊಬ್ಬರು)

ಉತ್ತರ: ಇದೇ ಪ್ರಶ್ನೆ ಪುಣೆಯಿಂದ ಬಂದಿದೆ, ಮುಲುಂಡ್‌ನಿಂದ ಬಂದಿದೆ, ಮಡಗಾಂವ್‌ನಿಂದಲೂ ಬಂದಿದೆ. ಪ್ರತಿ ಸಲ ಎರಡು ಸಾಲಿನಲ್ಲಿ ಉತ್ತರಿಸಿದರೂ ಮತ್ತೆ ಅದೇ ಮಾತು ಹುಟ್ಟಿಕೊಳ್ಳುತ್ತದೆ. ಈ ಸಲ ಬಿಡಿಸಿ ಬರೆಯುತ್ತೇನೆ.

ಎರಡನೆಯ ಪ್ರಶ್ನೆಗೆ ಉತ್ತರ ಸುಲಭ, ಅದನ್ನು ಮೊದಲು ಮುಗಿಸೋಣ. 'ಬ್ರೇವ್ ನ್ಯೂ ವರ್ಲ್ಡ್' (2000) ನಿಂದ ಶುರು ಮಾಡಿ. ಹಾಡುಗಾರ ಬ್ರೂಸ್ ಡಿಕಿನ್ಸನ್ ಮತ್ತು ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ 1999ರಲ್ಲಿ ತಂಡಕ್ಕೆ ಮರಳಿದ ಮೇಲೆ ಬಂದ ಮೊದಲ ಆಲ್ಬಂ ಅದು. ಹಳೆಯ ಕಿವಿಗೆ ಬೇಗ ಒಗ್ಗುತ್ತದೆ. ಅದಾದ ಮೇಲೆ 'ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್' (2006), ನಂತರ 'ದ ಬುಕ್ ಆಫ್ ಸೋಲ್ಸ್' (2015). 'ಡಾನ್ಸ್ ಆಫ್ ಡೆತ್' (2003) ಏರುಪೇರಿನ ಆಲ್ಬಂ, ಸದ್ಯಕ್ಕೆ ಅದರಿಂದ 'ಪಾಶೆಂಡೇಲ್' ಒಂದನ್ನು ಕೇಳಿ. 'ದ ಫೈನಲ್ ಫ್ರಾಂಟಿಯರ್' (2010), 'ಸೆಂಜುತ್ಸು' (2021) ಕೊನೆಗಿರಲಿ.

ಈಗ ಮಾಸ್ಟರಿಂಗ್ ವಿಷಯ. ಆರು ಆಲ್ಬಂಗಳಲ್ಲಿ ಮಾಸ್ಟರಿಂಗ್ ಇಲ್ಲದೆ ಹೊರಬಂದದ್ದು ಒಂದೇ ಒಂದು, 2006ರದ್ದು. ಸ್ಟುಡಿಯೋದಲ್ಲಿ ಕೇಳಿದ ಮಿಕ್ಸ್ ಹೇಗಿತ್ತೋ ಹಾಗೆಯೇ ಕೇಳುಗರಿಗೆ ಸಿಗಲಿ ಎಂದು ತಂಡದ ಯಜಮಾನ, ಬಾಸ್ ನುಡಿಸುವ ಸ್ಟೀವ್ ಹ್ಯಾರಿಸ್ ತೀರ್ಮಾನಿಸಿದರು. ಮರೆತದ್ದಲ್ಲ, ದುಡ್ಡು ಉಳಿಸಿದ್ದೂ ಅಲ್ಲ. ಆ ಒಂದು ಸಂಗತಿ ಬಾಯಿಂದ ಬಾಯಿಗೆ ಹರಿದು 2000ದ ಈಚಿನ ಎಲ್ಲ ಆಲ್ಬಂಗಳ ಮೇಲಿನ ಆರೋಪವಾಗಿ ನಿಂತಿದೆ.

ಮಾಸ್ಟರಿಂಗ್ ಎಂದರೇನು ಎಂಬುದನ್ನೇ ತಪ್ಪು ತಿಳಿದಿರುವುದು ಇದಕ್ಕೆ ಮೂಲ. ಗಿಟಾರ್, ಡ್ರಮ್ಸ್, ಹಾಡುಗಾರಿಕೆ ಇವುಗಳ ಪ್ರಮಾಣ ನಿರ್ಧಾರವಾಗುವುದು ಮಿಕ್ಸಿಂಗ್‌ನಲ್ಲಿ. ಮಾಸ್ಟರಿಂಗ್ ಶುರುವಾಗುವ ಹೊತ್ತಿಗೆ ಕೈಯಲ್ಲಿರುವುದು ಎಡ, ಬಲ ಎರಡೇ ಚಾನೆಲ್. ಅದರ ಮೇಲೆ ಸ್ವಲ್ಪ ಈಕ್ವಲೈಸರ್ (ಸ್ಥಾಯಿಗಳ ಹೊಂದಾಣಿಕೆ), ಸ್ವಲ್ಪ ಕಂಪ್ರೆಷನ್ (ಜೋರು-ಮೆಲ್ಲನೆಯ ಅಂತರ ತಗ್ಗಿಸುವುದು), ಕೊನೆಗೆ ಲಿಮಿಟರ್ (ಸದ್ದು ಒಂದು ಮಿತಿ ಮೀರದಂತೆ ತಡೆಯುವ ಸಾಧನ) ಹಾಕಿ ಒಟ್ಟು ಸದ್ದನ್ನು ಏರಿಸುತ್ತಾರೆ. ಹಾಡುಗಳ ನಡುವಿನ ಏರಿಳಿತ, ಅಂತರ ಸರಿಮಾಡುತ್ತಾರೆ. ಮಿಕ್ಸ್‌ನಲ್ಲಿ ಮುಚ್ಚಿಹೋದ ಗಿಟಾರನ್ನು ಮಾಸ್ಟರಿಂಗ್ ಹೊರಗೆಳೆದು ತರುವುದಿಲ್ಲ. ಲಿಮಿಟರ್ ಹೆಚ್ಚಾದರೆ ಆಗುವುದು ಇನ್ನೊಂದೇ ಕೆಡುಕು: ಸ್ನೇರ್ ಡ್ರಮ್‌ನ ಏಟಿನ ತುದಿ ಕತ್ತರಿಸಿ ಹೋಗುತ್ತದೆ, ಮೆಲ್ಲಗಿನ ಭಾಗವೂ ಜೋರಿನ ಭಾಗವೂ ಒಂದೇ ಮಟ್ಟಕ್ಕೆ ಬರುತ್ತವೆ, ಅರ್ಧ ಗಂಟೆಯಲ್ಲಿ ಕಿವಿ ದಣಿಯುತ್ತದೆ.

ಹಾಗಾದರೆ 2006ರ ಆಲ್ಬಂ ಸಪ್ಪೆ ಎನಿಸುವುದೇಕೆ? ಸದ್ದು ಕಡಿಮೆ ಇರುವುದರಿಂದ. ಅದರ ಪಕ್ಕದಲ್ಲಿ ನೀವಿಟ್ಟು ನೋಡುವ ಹಳೆಯ ಆಲ್ಬಂ ಬಹುಮಟ್ಟಿಗೆ 1998ರ ಈಚಿನ ರೀಮಾಸ್ಟರ್, ಅಂದರೆ ಮತ್ತೆ ಮಾಸ್ಟರಿಂಗ್ ಮಾಡಿದ ಆವೃತ್ತಿ; ಎಂಬತ್ತರ ದಶಕದ ಸಿಡಿಗಿಂತ ಜೋರು. ಒಂದೆರಡು ಡೆಸಿಬಲ್ ಹೆಚ್ಚಿದ್ದರೂ ಸಾಕು, ಮನುಷ್ಯರ ಕಿವಿಗೆ ಅದು "ಜೋರು" ಎನಿಸುವುದಿಲ್ಲ, "ಚೆನ್ನಾಗಿದೆ" ಎನಿಸುತ್ತದೆ. ಮಟ್ಟ ಸಮ ಮಾಡದೆ ಎರಡು ಆಲ್ಬಂಗಳ ಧ್ವನಿಯನ್ನು ಹೋಲಿಸಿದರೆ ಆ ತೀರ್ಪಿಗೆ ಬೆಲೆಯಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಸಮ ಮಾಡುವುದು ಕಷ್ಟವಲ್ಲ. ಸ್ಪಾಟಿಫೈನಲ್ಲಿ ಕೇಳುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ನಾರ್ಮಲೈಸೇಶನ್ ಆನ್ ಇದೆಯೇ ನೋಡಿ. ಆನ್ ಇದ್ದರೆ ಅದು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ತಾಗುವ ಸದ್ದಿನ ಅಳತೆ) ಮಟ್ಟಕ್ಕೆ ಹೊಂದಿಸುತ್ತದೆ. ಈಕ್ವಲೈಸರ್ ಪೂರ್ತಿ ಆಫ್ ಇರಲಿ. ನಿಮ್ಮ ಸ್ವಂತ ಸಿಡಿಯಿಂದ ತೆಗೆದ ಫೈಲ್ ಇದ್ದರೆ ಅದಾಸಿಟಿ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಎರಡೂ ಹಾಡನ್ನು ತೆರೆದು, ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಎರಡಕ್ಕೂ ಮೈನಸ್ 18 ಕೊಡಿ. ಆಮೇಲೆ ಇಡೀ ತಂಡ ನುಡಿಸುತ್ತಿರುವ ಅರ್ಧ ನಿಮಿಷವನ್ನು ಎರಡರಿಂದಲೂ ಆರಿಸಿ ಬದಲಿಸಿ ಬದಲಿಸಿ ಕೇಳಿ. ಒಂದರ ಮೆಲ್ಲಗಿನ ಪೀಠಿಕೆಯನ್ನು ಇನ್ನೊಂದರ ಪಲ್ಲವಿಯ ಜೊತೆ ಹೋಲಿಸಬೇಡಿ. 'ಬ್ರೈಟರ್ ದ್ಯಾನ್ ಎ ಥೌಸಂಡ್ ಸನ್ಸ್' ಹಾಡನ್ನು ಹೀಗೆ ಕೇಳಿದರೆ ನಿಕೊ ಮೆಕ್‌ಬ್ರೇನ್ ಅವರ ಡ್ರಮ್ಸ್ ಎಷ್ಟು ಬಿಡುಬಿಡಾಗಿ, ಕೋಣೆಯ ಗಾಳಿಯ ಸಮೇತ ಕೇಳುತ್ತದೆ ಎಂಬುದು ನಿಮಗೇ ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಒಂದು ಮಂಕುತನ ಇದೆ, ಅದನ್ನು ಒಪ್ಪಲೇಬೇಕು. ಅದರ ಕಾರಣ ಬೇರೆ. 1999ರಿಂದ ಗಿಟಾರ್ ಮೂರು: ಡೇವ್ ಮರ್ರೆ, ಏಡ್ರಿಯನ್ ಸ್ಮಿತ್, ಯಾನಿಕ್ ಗರ್ಸ್. ಅವುಗಳ ಜೊತೆಗೆ ಹ್ಯಾರಿಸ್ ಬಾಸ್ ನುಡಿಸುವ ರೀತಿ. ಬೆರಳಿನಲ್ಲೇ ತಂತಿಯನ್ನು ಬಲವಾಗಿ ಹೊಡೆಯುವುದರಿಂದ ಅದರ ಟಕಟಕ ಸದ್ದು ಗಿಟಾರ್‌ಗಳಿರುವ ನಡುಸ್ಥಾಯಿಗೇ ನುಗ್ಗುತ್ತದೆ. ಮೂರು ಗಿಟಾರ್, ಒಂದು ಬಾಸ್, ಎಲ್ಲಕ್ಕೂ ಅದೇ ಜಾಗ ಬೇಕು. ಇನ್ನು ನಿರ್ಮಾಪಕ ಕೆವಿನ್ ಶರ್ಲಿ 'ಬ್ರೇವ್ ನ್ಯೂ ವರ್ಲ್ಡ್'ನಿಂದಲೇ ತಂಡವನ್ನು ಒಟ್ಟಿಗೆ ನುಡಿಸಿ ಧ್ವನಿಮುದ್ರಣ ಮಾಡುವ ಪದ್ಧತಿ ತಂದರು. ಅದರಿಂದ ಜೀವಂತಿಕೆ ಬಂತು, ಬಿಡಿಬಿಡಿಯಾಗಿ ಹೊಳೆಯುವ ಸ್ಪಷ್ಟತೆ ಸ್ವಲ್ಪ ಹೋಯಿತು.

ಮಿಕ್ಸ್‌ನಲ್ಲಿ ಗಿಟಾರ್‌ಗಳನ್ನು ಎಡ, ಬಲ, ನಡುವೆ ಹಂಚಿಟ್ಟರೆ ಮಾತ್ರ ಅವು ಬೇರೆಬೇರೆಯಾಗಿ ಕೇಳುತ್ತವೆ. ಸಣ್ಣ ಬ್ಲೂಟೂತ್ ಸ್ಪೀಕರ್‌ಗಳಲ್ಲಿ ಬಹಳಷ್ಟು ಮೊನೊ. ಎಡಬಲ ಎರಡೂ ಒಂದೇ ಕಡೆ ಬಿದ್ದು ಮೂರೂ ಗಿಟಾರ್ ಒಂದರ ಮೇಲೊಂದು ಕೂರುತ್ತವೆ. ಅದರಲ್ಲಿ ಕೇಳಿ "ಮಾಸ್ಟರಿಂಗ್ ಸರಿಯಿಲ್ಲ" ಎನ್ನುವುದು ನ್ಯಾಯವಲ್ಲ. ಲೋಕಲ್ ಟ್ರೇನಿನದು ಇನ್ನೊಂದು ತಕರಾರು. 'ಪಾಶೆಂಡೇಲ್' ಶುರುವಾಗುವುದು ಹೈ-ಹ್ಯಾಟ್ (ಡ್ರಮ್ಸ್ ಜೊತೆಗಿನ ಜೋಡಿ ತಾಳ) ಮೇಲಿನ ಸಣ್ಣ ಟಿಕ್ ಟಿಕ್ ಮತ್ತು ಅದರ ಜೊತೆಗಿನ ಒಂಟಿ ಗಿಟಾರ್‌ನಿಂದ. ಇದ್ದಕ್ಕಿದ್ದಂತೆ ಇಡೀ ತಂಡ ಮೇಲೆರಗುತ್ತದೆ. ಮೊದಲ ಮಹಾಯುದ್ಧದ 1917ರ ಕದನದ ಬಗೆಗಿನ ಹಾಡಿಗೆ ಆ ನಿಶ್ಶಬ್ದವೇ ಬೇಕು. ಕಿಟಕಿ ತೆರೆದ ಸೆಕೆಂಡ್ ಕ್ಲಾಸಿನಲ್ಲಿ ಆ ಟಿಕ್ ಟಿಕ್ ಕಿವಿಗೆ ಬೀಳುವುದೇ ಇಲ್ಲ, ಬೀಳುವುದು ಎರಗಿದ್ದು ಮಾತ್ರ. ಕಿವಿಯೊಳಗೆ ಬಿಗಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ಆರಿಸಿ; ತುದಿಯ ಅಳತೆ ಸಡಿಲವಾದರೆ ಮೊದಲು ಮಾಯವಾಗುವುದು ಬಾಸ್.

ಹಾಡುಗಳು ಉದ್ದ ಎಂಬ ದೂರಿಗೂ ಒಂದು ಮಾತು. 1984ರ 'ರೈಮ್ ಆಫ್ ದ ಏನ್ಷಿಯಂಟ್ ಮ್ಯಾರಿನರ್' ಹದಿಮೂರು ನಿಮಿಷ ಮೀರಿದೆ, ಉದ್ದ ಹೊಸದಲ್ಲ. ಹೊಸದಾಗಿರುವುದು ಆಲ್ಬಂನ ಉದ್ದ: 1982ರ 'ದ ನಂಬರ್ ಆಫ್ ದ ಬೀಸ್ಟ್' ಸುಮಾರು 40 ನಿಮಿಷ, 'ದ ಬುಕ್ ಆಫ್ ಸೋಲ್ಸ್' 92. ಪುಣೆಯ ಸವಾಯಿ ಗಂಧರ್ವ ಉತ್ಸವದಲ್ಲಿ ಮುಕ್ಕಾಲು ಗಂಟೆಯ ವಿಲಂಬಿತ್ ಕೇಳಿ ತಲೆದೂಗುವ ನಮಗೆ ಎರಡು ನಿಮಿಷದ ಪೀಠಿಕೆ ಭಾರವಾಗಬಾರದು. ಆದರೆ 'ಸೆಂಜುತ್ಸು'ವಿನ ಕೊನೆಯ ಮೂರು ಹಾಡಿನ ಬಗ್ಗೆ ಗೊಣಗುವವರ ಜೊತೆ ನಾನೂ ಇದ್ದೇನೆ. ಮೂರೂ ಹ್ಯಾರಿಸ್ ಒಬ್ಬರೇ ಬರೆದವು, ಮೂರೂ ಹತ್ತು ನಿಮಿಷ ದಾಟಿದವು. ಬಿಡಿಯಾಗಿ ಪ್ರತಿಯೊಂದೂ ಚೆನ್ನ, ಸಾಲಾಗಿ ಕೇಳಿದರೆ ಒಂದು ಇನ್ನೊಂದರ ನೆರಳಾಗುತ್ತದೆ. ಅದೇ 'ದ ಬುಕ್ ಆಫ್ ಸೋಲ್ಸ್'ನ ಕೊನೆಯ 'ಎಂಪೈರ್ ಆಫ್ ದ ಕ್ಲೌಡ್ಸ್' 18 ನಿಮಿಷವಿದ್ದರೂ ಎಲ್ಲೂ ಜಾರುವುದಿಲ್ಲ. 1930ರಲ್ಲಿ ಬಿದ್ದ ಆರ್ 101 ವಾಯುನೌಕೆಯ ಕಥೆಯನ್ನು ಡಿಕಿನ್ಸನ್ ಪಿಯಾನೊ ಮುಂದೆ ಕೂತು ಬರೆದರು. ಆ ಆಲ್ಬಂ ಮುಗಿದ ಮೇಲೆ ಅವರ ನಾಲಿಗೆಯ ಹಿಂಬದಿಯಲ್ಲಿ ಕ್ಯಾನ್ಸರ್ ಗಡ್ಡೆ ಪತ್ತೆಯಾಯಿತು. ಅವರ ದನಿ ಬತ್ತಿದೆ ಎನ್ನುವವರು ಇದನ್ನು ತಿಳಿದು ಇನ್ನೊಮ್ಮೆ ಕೇಳಲಿ.

ಮುಂಬೈಯವರಲ್ಲಿ ಹಳೆಯದರ ಕಡೆ ಒಲವು ಹೆಚ್ಚಿರುವುದಕ್ಕೆ 2008ರ ಫೆಬ್ರುವರಿ 1ರ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್ ಕಛೇರಿಯ ಪಾಲೂ ಇದೆ. ಆ ಪ್ರವಾಸ ಶುರುವಾದದ್ದೇ ಇಲ್ಲಿಂದ, ಅದನ್ನು ರೂಪಿಸಿದ್ದೇ ಎಂಬತ್ತರ ದಶಕದ ಹಾಡುಗಳಿಗಾಗಿ. ಹೊಸದನ್ನು ತಂಡವೇ ಕೈಬಿಟ್ಟಿತು ಎಂದು ಅದರಿಂದ ತೀರ್ಮಾನಿಸಬೇಡಿ: 2006ರ ಕೊನೆಯ ತಿಂಗಳುಗಳ ಪ್ರವಾಸದಲ್ಲಿ ಇದೇ ತಂಡ ಆಗಷ್ಟೇ ಬಂದ ಆಲ್ಬಂ ಅನ್ನು ಪೂರ್ತಿ ವೇದಿಕೆಯಲ್ಲಿ ನುಡಿಸಿತ್ತು.

"ಹಾಗಾದರೆ ಎಲ್‌ಪಿ ಕೊಳ್ಳಲೇ?" ಎಂದು ಯಾರೂ ಕೇಳಿಲ್ಲ, ಕೇಳುವುದು ಖಚಿತ. ಎಲ್‌ಪಿಯ ಒಂದು ಬದಿಗೆ 22 ನಿಮಿಷದವರೆಗೆ ಹಿತ. ಅದಕ್ಕಿಂತ ತುಂಬಿದರೆ ಗೆರೆಗಳನ್ನು ಒತ್ತೊತ್ತಾಗಿ, ಕಡಿಮೆ ಮಟ್ಟದಲ್ಲಿ ಕೊರೆಯಬೇಕು. ಚರಚರ ಸದ್ದು ಮೇಲೇಳುತ್ತದೆ. ಅದಕ್ಕೇ 'ದ ಬುಕ್ ಆಫ್ ಸೋಲ್ಸ್' ಮೂರು ತಟ್ಟೆ. ಕೊಂಡರೆ ಮಳೆಗಾಲದ ವ್ಯವಸ್ಥೆ ಮೊದಲು ಮಾಡಿ. ಮುಂಬೈ, ಗೋವಾಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟು ಮೊದಲು ಹಿಡಿಯುವುದು ಒಳಗಿನ ಕಾಗದದ ಕವರಿಗೆ, ಅಲ್ಲಿಂದ ತಟ್ಟೆಗೆ. ಕಾಗದ ತೆಗೆದು ಒಳಮೈಗೆ ಪ್ಲಾಸ್ಟಿಕ್ ಪದರ ಇರುವ ಕವರ್ ಹಾಕಿ. ತಟ್ಟೆಗಳನ್ನು ನೇರವಾಗಿ ನಿಲ್ಲಿಸಿ, ನೀರು ಜಿನುಗುವ ಹೊರಗೋಡೆಗೆ ಕಪಾಟು ತಾಗದಿರಲಿ, ಒಳಗೆ ಸಿಲಿಕಾ ಜೆಲ್ ಇಡಿ. ಬಿಳಿ ಚುಕ್ಕೆ ಬಂದಿದ್ದರೆ ಡಿಸ್ಟಿಲ್ಡ್ ವಾಟರ್‌ಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಮೈಕ್ರೋಫೈಬರ್ ಬಟ್ಟೆಯಿಂದ ಗೆರೆಯ ದಿಕ್ಕಿನಲ್ಲೇ ಒರೆಸಿ. ಲೇಬಲ್ ಒದ್ದೆಯಾಗಬಾರದು. ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಮ್ಮೆ ಒರೆಸಿ, ನಿಲ್ಲಿಸಿಯೇ ಒಣಗಿಸಿ. ಅದೇ ಕಪಾಟಿನಲ್ಲಿ ಅಜ್ಜನ ಕಾಲದ 78 ಆರ್‌ಪಿಎಂ ತಟ್ಟೆಗಳಿದ್ದರೆ ಅವಕ್ಕೆ ಸ್ಪಿರಿಟ್ ಮಾತ್ರ ತಾಗಿಸಬೇಡಿ. ಅವು ಅರಗಿನವು, ಕರಗುತ್ತವೆ.