ಮೈಕ್ ಆಮೇಲೆ ನೋಡೋಣ, ಮೊದಲು ಒಂದು ಗೇಣು ಹತ್ತಿರ ಬನ್ನಿ

"ಪಾಡ್‌ಕಾಸ್ಟ್ ಶುರು ಮಾಡಬೇಕು ಅಂತಿದ್ದೇನೆ, ಯಾವ ಮೈಕ್ ತಗೊಳ್ಳಲಿ?" ಶಿರಸಿಯಲ್ಲಿ ರೆಕಾರ್ಡಿಂಗ್ ರೂಮು ಇಟ್ಟುಕೊಂಡಿರುವ ನನಗೆ ಈಗ ಬರುವ ಫೋನುಗಳಲ್ಲಿ ಜಾಸ್ತಿ ಇದೇ ಪ್ರಶ್ನೆ. ಮೊದಲೆಲ್ಲ ತಾಳಮದ್ದಲೆ (ವೇಷವಿಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ) ರೆಕಾರ್ಡಿಂಗ್, ಮದುವೆ ವಿಡಿಯೋಗೆ ಹಾಡು ಕೂರಿಸುವುದು, ಚುನಾವಣೆ ಬಂದರೆ ರಿಕ್ಷಾದಲ್ಲಿ ಕೂಗುವ ಪ್ರಚಾರ, ಇಷ್ಟೇ ಕೆಲಸ. ಈಗ ಯಲ್ಲಾಪುರದ ಕಡೆ ಜೇನು ಸಾಕುವವರಿಗೂ ಪಾಡ್‌ಕಾಸ್ಟ್ ಬೇಕು, ಕಾರವಾರದ ಕಾಲೇಜು ಹುಡುಗರಿಗೂ ಬೇಕು, ಕುಮಟೆಯಲ್ಲಿ ಹಳೇ ಅಡುಗೆ ಹೇಳುವ ಅತ್ತೆ-ಸೊಸೆಗೂ ಬೇಕು. ಬರಲಿ, ಖುಷಿಯೇ. ರಾತ್ರಿ ಅಡಿಕೆ ಸುಲಿಯಲು ಕೂತವರು ಕಿವಿಗೆ ಏನಾದರೂ ಇರಲಿ ಅಂತ ಮೊಬೈಲು ಹಚ್ಚಿಟ್ಟುಕೊಳ್ಳುತ್ತಾರೆ. ಅವರಿಗೆ ನಮ್ಮ ಕಡೆಯ ಮಾತು ಸಿಕ್ಕರೆ ಒಳ್ಳೆಯದೇ ಅಲ್ವಾ. ಆದರೆ ಮೈಕಿನ ಪ್ರಶ್ನೆಗೆ ನಾನು ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. "ಯಾವ ಕೋಣೆಯಲ್ಲಿ ಕೂರುತ್ತೀರಿ? ಬಾಯಿಂದ ಮೈಕಿಗೆ ಎಷ್ಟು ದೂರ?" ಅಂತ ತಿರುಗಿ ಕೇಳುತ್ತೇನೆ. ಕೆಲವರು "ಅದೆಲ್ಲ ಆಮೇಲೆ ನೋಡಿದ್ರಾಯ್ತು, ನೀವು ಮೈಕ್ ಹೇಳಿ ಮಾರಾಯ್ರೆ" ಅನ್ನುತ್ತಾರೆ.

ಆಮೇಲೆ ನೋಡಿದರೆ ಆಗುವುದಿಲ್ಲ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಫೈಲನ್ನು ಎಲ್ಲಿ ಏರಿಸಬೇಕು, ಚಿತ್ರ ಹೇಗೆ ಮಾಡಬೇಕು, ಇವನ್ನೆಲ್ಲ ಮನೆಯಲ್ಲಿರುವ ಹೈಸ್ಕೂಲು ಹುಡುಗ ಹೇಳಿಕೊಡುತ್ತಾನೆ. ಎಡಿಟಿಂಗಿಗೆ ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಬಹಳ ಕಾಲ ಅದು ಸಾಕು.

ಕಾರವಾರದಿಂದ ಒಬ್ಬ ಹುಡುಗ ಫೈಲ್ ಕಳಿಸಿದ್ದ. ಮೈಕಿಗೆ ಕೈತುಂಬ ದುಡ್ಡು ಸುರಿದಿದ್ದ, ಮೇಜಿಗೆ ಸಿಕ್ಕಿಸುವ ಕಬ್ಬಿಣದ ತೋಳು ಬೇರೆ. ಕೇಳಿದರೆ ಬಾವಿಯೊಳಗಿಂದ ಮಾತಾಡಿದ ದನಿ, ಜೊತೆಗೆ ಕೀಬೋರ್ಡಿನ ಟಕಟಕ. ನನಗೆ ಅನುಮಾನ ಬಂತು. "ತಮ್ಮಾ, ರೆಕಾರ್ಡ್ ಒತ್ತಿ ಮೈಕಿನ ಜಾಲರಿಯನ್ನು ಉಗುರಲ್ಲಿ ಗೀರು, ಆಮೇಲೆ ಲ್ಯಾಪ್‌ಟಾಪನ್ನು ಗೀರು, ಎರಡನ್ನೂ ಕಳಿಸು" ಅಂದೆ. ಮೈಕ್ ಗೀರಿದ್ದು ಎಲ್ಲೋ ದೂರದಲ್ಲಿ ಕೇಳಿತು. ಲ್ಯಾಪ್‌ಟಾಪ್ ಗೀರಿದ್ದು ಕಿವಿ ಹರಿಯುವಷ್ಟು ಜೋರು. ಅಷ್ಟೂ ಕಂತುಗಳು ಲ್ಯಾಪ್‌ಟಾಪಿನೊಳಗಿನ ಪುಟ್ಟ ಮೈಕಿನಲ್ಲೇ ರೆಕಾರ್ಡ್ ಆಗಿದ್ದವು. ಸೆಟ್ಟಿಂಗಿನಲ್ಲಿ ಹೊಸ ಮೈಕನ್ನು ಆಯ್ಕೆ ಮಾಡಿರಲಿಲ್ಲ, ಅಷ್ಟೇ. ಇದು ಅವನೊಬ್ಬನ ಕಥೆ ಅಂದುಕೊಳ್ಳಬೇಡಿ. ಪ್ರತಿ ಸಲ ಶುರು ಮಾಡುವ ಮುಂಚೆ ಗೀರಿ ನೋಡಿ.

ಇನ್ನೊಂದು ಜೋಡಿ, ಹೊನ್ನಾವರದವರು. ಎದುರುಬದುರು ಕೂತು ಮಧ್ಯೆ ಒಂದು ಯುಎಸ್‌ಬಿ ಮೈಕ್ ಇಟ್ಟುಕೊಂಡಿದ್ದರು. ಒಬ್ಬರ ದನಿ ಸರಿ, ಇನ್ನೊಬ್ಬರದ್ದು ಪಕ್ಕದ ಮನೆಯಿಂದ ಬಂದದ್ದು. ಆ ಮೈಕ್ ಮುಂದಿನಿಂದ ಬರುವುದನ್ನು ಮಾತ್ರ ಸರಿಯಾಗಿ ಹಿಡಿಯುವ ಸ್ಥಿತಿಯಲ್ಲಿತ್ತು, ಅಂದರೆ ಕಾರ್ಡಿಯಾಯ್ಡ್. ಅದರ ಬೆನ್ನಿಗೆ ಕೂತವರು ಒಂದು ತಾಸು ಮಾತಾಡಿದ್ದಾರೆ ಪಾಪ. ಬ್ಲೂ ಯೇತಿ ಥರದ ಮೈಕುಗಳಿಗೆ ತಲೆಯ ಮೇಲಿಂದ ಮಾತಾಡಬಾರದು, ಹೊಟ್ಟೆಯ ಕಡೆಯಿಂದ ಮಾತಾಡಬೇಕು. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಚೀಟಿ ಯಾರು ಓದುತ್ತಾರೆ?

ಈಗ ಮುಖ್ಯ ವಿಷಯ. ನಿಧಾನಕ್ಕೆ ಓದಿ.

ನೀವು ಮಾತಾಡಿದಾಗ ಮೈಕಿಗೆ ಎರಡು ಬಗೆಯ ದನಿ ಮುಟ್ಟುತ್ತದೆ. ಒಂದು ನಿಮ್ಮ ಬಾಯಿಂದ ನೇರ ಬಂದದ್ದು. ಇನ್ನೊಂದು ಗೋಡೆ, ನೆಲ, ಮಾಡಿಗೆ ಬಡಿದು ತಿರುಗಿ ಬಂದದ್ದು. ನೇರ ದನಿ ದೂರ ಹೋದಷ್ಟೂ ಬೇಗ ಸೊರಗುತ್ತದೆ: ದೂರ ಎರಡು ಪಟ್ಟಾದರೆ ಅದರ ಬಲ ಕಾಲು ಭಾಗಕ್ಕೆ ಇಳಿಯುತ್ತದೆ, ಸದ್ದು ಅಳೆಯುವ ನಮ್ಮ ಲೆಕ್ಕದಲ್ಲಿ 6 ಡೆಸಿಬಲ್ ಇಳಿಕೆ. ಬಾಯಿಂದ 20 ಸೆಂಟಿಮೀಟರ್ ಇದ್ದ ಮೈಕನ್ನು 80ಕ್ಕೆ ಒಯ್ದರೆ ನೇರ ದನಿಯ ಬಲ ಹದಿನಾರರಲ್ಲಿ ಒಂದು ಪಾಲು ಉಳಿಯಿತು. ಆದರೆ ಗೋಡೆಗೆ ಬಡಿದು ಕೋಣೆ ತುಂಬ ಸುತ್ತುವ ದನಿ ಮೈಕ್ ಎಲ್ಲಿದ್ದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಫ್ಯಾನಿನ ಸದ್ದೂ ಅಷ್ಟೇ. ಅಂದರೆ ನೀವು ಹಿಂದೆ ಸರಿದಾಗ ಕಡಿಮೆಯಾದದ್ದು ನೀವು ಮಾತ್ರ.

ಇಲ್ಲಿ ಎಲ್ಲರೂ ಮಾಡುವುದು ಏನು? ದನಿ ಸಣ್ಣಗಿದೆ ಅಂತ ಗೇನ್, ಅಂದರೆ ಮೈಕಿಗೆ ಬಂದ ದನಿಯನ್ನು ದೊಡ್ಡದು ಮಾಡುವ ಗುಂಡಿ, ತಿರುಗಿಸುತ್ತಾರೆ. ಗೇನ್ ಏರಿಸಿದರೆ ನಿಮ್ಮ ದನಿಯೊಂದೇ ಏರುವುದಿಲ್ಲ. ಗೋಡೆಯದ್ದೂ ಏರುತ್ತದೆ, ಫ್ಯಾನೂ ಏರುತ್ತದೆ, ಹಿತ್ತಿಲಲ್ಲಿ ಕೂಗುವ ಕಾಗೆಯೂ ಏರುತ್ತದೆ. ಹತ್ತಿರ ಬಂದರೆ ಮಾತ್ರ ನಿಮ್ಮ ದನಿ ಒಂದೇ ಏರುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ತಲೆಯಾಡಿಸಿ, ಮನೆಗೆ ಹೋಗಿ, ಕುರ್ಚಿಗೆ ಒರಗಿ ಆರಾಮಾಗಿ ಕೂತು ಮತ್ತೆ ಗೇನ್ ತಿರುಗಿಸುತ್ತಾರೆ.

ಅಳತೆಗೆ ಟೇಪು ಬೇಡ. ಕೈ ಅಗಲಿಸಿ, ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಒಂದು ಗೇಣು. ಕಂಡೆನ್ಸರ್ ಅನ್ನುವ ಸೂಕ್ಷ್ಮ ಬಗೆಯ ಮೈಕಿಗೂ ಮೊಬೈಲಿಗೂ ಅದು ಸಾಕು. ಅಷ್ಟು ಸೂಕ್ಷ್ಮವಲ್ಲದ ಡೈನಾಮಿಕ್ ಬಗೆಯ ಮೈಕಾದರೆ ಇನ್ನೂ ಹತ್ತಿರ, ಒಂದು ಚೋಟು, ಅಂದರೆ ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಗೆ. ಮೂತಿಗೆ ತಾಗಿಸಬೇಡಿ, ತೀರಾ ಹತ್ತಿರ ಹೋದರೆ ದನಿ ಗುಂಯ್ ಅನ್ನುತ್ತದೆ. ಬಾಯಿಯ ನೇರಕ್ಕೂ ಇಡಬೇಡಿ. ಸ್ವಲ್ಪ ಪಕ್ಕಕ್ಕೆ ಇಟ್ಟು ಬಾಯಿಯ ಕಡೆ ತಿರುಗಿಸಿ. ಪ, ಭ, ಫ ಹೇಳುವಾಗ ಹೊರಡುವ ಗಾಳಿ ಮೈಕಿಗೆ ಬಡಿಯದೆ ಪಕ್ಕದಲ್ಲಿ ಹೋಗುತ್ತದೆ. ಬೇಸರದ ವಿಷಯ ಅಂದರೆ ಇದೆಲ್ಲ ಪುಕ್ಕಟೆ. ಪುಕ್ಕಟೆ ಸಲಹೆಗೆ ಬೆಲೆ ಇಲ್ಲ.

ತಾಳಮದ್ದಲೆಯಲ್ಲಿ ಪಾತ್ರದ ಮಾತಾಡುವ ಹಳೇ ಅರ್ಥಧಾರಿಗಳನ್ನು ನೋಡಿ. ಯಾರೂ ಅವರಿಗೆ ಡೆಸಿಬಲ್ ಹೇಳಿಕೊಟ್ಟಿಲ್ಲ. ಪಿಸುಮಾತಿಗೆ ಮುಂದೆ ಬಾಗುತ್ತಾರೆ, ಏರುದನಿಗೆ ಹಿಂದೆ ಸರಿಯುತ್ತಾರೆ, ಎದುರಾಳಿಗೆ ಕುಟುಕುವಾಗ ಮುಖ ಅತ್ತ ತಿರುಗಿಸಿದರೂ ಬಾಯಿ ಮೈಕಿನ ಆಸುಪಾಸಿನಲ್ಲೇ ಇರುತ್ತದೆ. ಅವರ ರೆಕಾರ್ಡಿಂಗಿನಲ್ಲಿ ನನಗೆ ಕೆಲಸವೇ ಇರುವುದಿಲ್ಲ. ನನ್ನ ಕೈಗೆ ಬರುವ ಹೊಸ ಪಾಡ್‌ಕಾಸ್ಟಿಗರಿಗೆ ಒಂದು ಸಂಜೆ ತಾಳಮದ್ದಲೆಗೆ ಹೋಗಿ ಮುಂದಿನ ಸಾಲಲ್ಲಿ ಕೂತು ಬನ್ನಿ ಅನ್ನುತ್ತೇನೆ. ಹೋದವರು ಕಡಿಮೆ. ಹೋದವರು ಪ್ರಸಂಗದಲ್ಲಿ ಮುಳುಗಿ ಮೈಕ್ ನೋಡುವುದನ್ನೇ ಮರೆತು ಬಂದರು, ಅದು ಬೇರೆ.

ಇನ್ನು ಕೋಣೆ. ಈಗ ಊರಲ್ಲೆಲ್ಲ ಹೊಸ ಆರ್‌ಸಿಸಿ ಮನೆ, ಹೊಳೆಯುವ ಟೈಲ್ಸು, ದೊಡ್ಡ ಗಾಜಿನ ಕಿಟಕಿ, ಖಾಲಿ ಹಾಲು. ನೋಡಲು ಚೆಂದ, ರೆಕಾರ್ಡಿಂಗಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ನಡುವೆ ನಿಂತು ಒಮ್ಮೆ ಚಪ್ಪಾಳೆ ಹೊಡೆಯಿರಿ. ಟಪ್ ಅಂತ ಅಲ್ಲೇ ಸತ್ತರೆ ಒಳ್ಳೆಯದು. ಹಿಂದೆಯೇ ಕಿಣಿ ಕಿಣಿ ಬಾಲ ಬಂದರೆ ಆ ಕೋಣೆ ಬಿಟ್ಟುಬಿಡಿ. "ನಮಗೆ ಮಾತಾಡುವಾಗ ಪ್ರತಿಧ್ವನಿ ಕೇಳಲ್ಲ ಅಲ್ವಾ?" ಅಂತ ಕೇಳುತ್ತಾರೆ. ಕೇಳುವುದಿಲ್ಲ, ಯಾಕಂದರೆ ಎರಡು ಕಿವಿಯ ಹಿಂದೆ ಮಿದುಳು ಕೂತು ಅದನ್ನು ಬದಿಗೆ ತಳ್ಳುತ್ತದೆ. ಒಂಟಿ ಮೈಕಿಗೆ ಆ ಸೌಕರ್ಯ ಇಲ್ಲ.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವವರಿದ್ದಾರೆ. ದಯವಿಟ್ಟು ಬೇಡ. ತೆಳು ರಟ್ಟು ಮೇಲಿನ ಸ್ವರಗಳನ್ನು ಸ್ವಲ್ಪ ಚದುರಿಸಬಹುದು, ದನಿಯ ಮೈಯನ್ನು ಅದು ಹೀರುವುದಿಲ್ಲ. ಆನ್‌ಲೈನಿನಲ್ಲಿ ಸಿಗುವ ಒಂದು ಇಂಚಿನ ಫೋಮ್ ಹಾಳೆಯದ್ದೂ ಹೆಚ್ಚುಕಡಿಮೆ ಅದೇ ಕಥೆ. ಹೀರಲು ದಪ್ಪ ಬೇಕು, ಒಳಗೆ ಗಾಳಿ ಆಡುವ ನಾರು ಬೇಕು. ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ತೆರೆದ ಕಪಾಟು.

ಸಿದ್ದಾಪುರದ ಕಡೆಯ ನಿವೃತ್ತ ಅಕ್ಕೋರು (ಶಾಲೆಯ ಟೀಚರ್) ಒಬ್ಬರು ಮಕ್ಕಳಿಗೆ ಕಥೆ ಹೇಳುವ ಪಾಡ್‌ಕಾಸ್ಟ್ ಮಾಡಬೇಕು ಅಂತ ಕರೆದಿದ್ದರು. ಮಗ ಕಟ್ಟಿಸಿದ ಹೊಸ ಮನೆ, ಹಾಲಿನಲ್ಲಿ ಮೇಜು ಹಾಕಿ, ಹೂದಾನಿ ಇಟ್ಟು ಸಿದ್ಧವಾಗಿದ್ದರು. ಚಪ್ಪಾಳೆ ಹೊಡೆದೆ, ಆಗುವುದಿಲ್ಲ ಅಂದೆ. ಅವರಿಗೆ ಬೇಜಾರಾಯಿತು. ಹಿಂದೆ ಹಳೇ ಮನೆಯ ಒಂದು ಭಾಗ ಉಳಿಸಿಕೊಂಡಿದ್ದರು, ಮಣ್ಣಿನ ಗೋಡೆ, ಹಂಚಿನ ಮಾಡು, ಒಳಗೆ ಅಡಿಕೆ ಚೀಲಗಳನ್ನು ಎದೆಮಟ್ಟ ಪೇರಿಸಿಟ್ಟಿದ್ದರು. ಅಲ್ಲಿ ಚಪ್ಪಾಳೆ ಹೊಡೆದರೆ ಸದ್ದೇ ಇಲ್ಲ. ಚೀಲಗಳ ಮಧ್ಯೆ ಒಂದು ಮಣೆ ಹಾಕಿ ಕೂರಿಸಿ, ಎದುರಿಗೆ ಅವರದ್ದೇ ಮೊಬೈಲನ್ನು ಡಬ್ಬಿಯ ಮೇಲೆ ಒಂದು ಗೇಣು ದೂರದಲ್ಲಿ ಇಟ್ಟೆ. ಕೇಳಿಸಿದ ಮೇಲೆ "ಅಡ್ಡಿಲ್ಲೆ ತಮಾ" ಅಂದರು. ಆಮೇಲೆ ಚೀಲ ಮಾರುವ ದರ ಬಂದಾಗ ಏನು ಮಾಡುವುದು ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಚೀಲ ಹೋದ ಮೇಲೆ ಗಾದಿ ನಿಲ್ಲಿಸಿ ಅಂದೆ.

ಗಲಾಟೆಯ ವಿಷಯಕ್ಕೆ ಬಂದರೆ, ನಮ್ಮ ಕಡೆ ದೊಡ್ಡ ಶತ್ರು ಜೀರುಂಡೆ. ಮುಸ್ಸಂಜೆ ಹೊತ್ತಿಗೆ ರೆಕಾರ್ಡಿಂಗಿಗೆ ಕೂರಬೇಡಿ. ಅದರ ಕಿರಿಚಾಟ ಇರುವ ಸ್ವರಮಟ್ಟದಲ್ಲೇ ನಮ್ಮ ಸ, ಶ, ಚ ಅಕ್ಷರಗಳ ಹರಿತವೂ ಇರುತ್ತದೆ, ಒಂದನ್ನು ಕತ್ತರಿಸಿದರೆ ಇನ್ನೊಂದೂ ಮೊಂಡಾಗುತ್ತದೆ. ಕರಾವಳಿಯವರಿಗೆ ಗಾಳಿ. ಕಾರವಾರದಲ್ಲಿ ಟ್ಯಾಗೋರ್ ಕಡಲತೀರದಲ್ಲಿ ಕೂತು ಮಾತಾಡಬೇಕು ಅನ್ನುವ ಆಸೆ ಎಲ್ಲರಿಗೂ ಇದೆ. ಮೈಕಿಗೆ ತುಪ್ಪಳದ ಟೋಪಿ ಹಾಕದೆ ಹೋದರೆ ಬರೀ ಭರ್ರ್ ಅನ್ನುವುದು ಸಿಗುತ್ತದೆ. ಅಲೆಯ ಸದ್ದು ಬೇಕಿದ್ದರೆ ಬೇರೆ ರೆಕಾರ್ಡ್ ಮಾಡಿ ಕೆಳಗೆ ಸೇರಿಸಿ. ಮನೆಯೊಳಗೆ ಫ್ರಿಜ್, ಮಿಕ್ಸಿ, ಫ್ಯಾನ್. ಹೇಳಬಾರದು, ಆದರೆ ಕರೆಂಟ್ ಹೋದ ಹೊತ್ತು ಮೊಬೈಲಿನಲ್ಲಿ ರೆಕಾರ್ಡ್ ಮಾಡಲು ಪ್ರಶಸ್ತ. ಪಕ್ಕದ ಮನೆಯ ಟಿವಿಯೂ ನಿಂತಿರುತ್ತದೆ. ಇನ್ವರ್ಟರ್ ಇದ್ದರೆ ಮಾತ್ರ ಹುಷಾರು, ಕೆಲವು ಇನ್ವರ್ಟರುಗಳ ಝೂಂಕಾರ ಲ್ಯಾಪ್‌ಟಾಪ್ ಚಾರ್ಜರಿನ ಮೂಲಕ ಫೈಲಿಗೇ ಬಂದು ಕೂರುತ್ತದೆ. ಚಾರ್ಜರ್ ಕಿತ್ತಿಟ್ಟು ಬ್ಯಾಟರಿಯಲ್ಲಿ ಮಾಡಿ.

"ಈಗ ಎಐ ಇದೆಯಲ್ಲ, ಎಲ್ಲ ಕ್ಲೀನ್ ಮಾಡುತ್ತೆ" ಅನ್ನುವವರಿಗೆ: ಹೌದು, ಒಂದು ಮಟ್ಟಕ್ಕೆ ಮಾಡುತ್ತದೆ, ನಾನೂ ಬಳಸುತ್ತೇನೆ. ಫ್ಯಾನಿನಂಥ ಒಂದೇ ಸಮನೆ ಸದ್ದಿಗೆ ಪರವಾಗಿಲ್ಲ. ಕೋಣೆಯ ಪ್ರತಿಧ್ವನಿ ಜಾಸ್ತಿ ಇದ್ದರೆ ಪದದ ಕೊನೆಗಳನ್ನು ನುಂಗುತ್ತದೆ, ಕೆಲವೊಮ್ಮೆ ಳ-ಲ ಒಂದಾಗಿ ಕೇಳುತ್ತದೆ. ನಾನು ಕಂಡದ್ದು ಇಷ್ಟು, ಮುಂದೆ ಸುಧಾರಿಸಬಹುದು.

ಇಷ್ಟಾದ ಮೇಲೂ ಮೈಕ್ ಬೇಕೇ ಬೇಕು ಅಂದರೆ, ಸರಿಯಿಲ್ಲದ ಕೋಣೆಗೆ ಡೈನಾಮಿಕ್ ತಗೊಳ್ಳಿ. ಶೂರ್ ಎಸ್‌ಎಂ58 ಅಂತ 1966ರಿಂದ ಬರುತ್ತಿರುವ ಮೈಕ್ ಇದೆ, ಮೈಕ್ ಸೆಟ್ಟಿನವರನ್ನು ಕೇಳಿದರೆ ಗೊತ್ತು. ಗಟ್ಟಿ ಜೀವ. ಯೂಟ್ಯೂಬಿನಲ್ಲಿ ಎಲ್ಲರ ಮುಂದೆ ಕಾಣುವ ಎಸ್‌ಎಂ7ಬಿಯನ್ನು ಚೆಂದಕ್ಕೆ ಅಂತ ತಗೊಳ್ಳಬೇಡಿ. ಅದಕ್ಕೆ ಸುಮಾರು 60 ಡೆಸಿಬಲ್ ಗೇನ್ ಬೇಕು, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಇಂಟರ್‌ಫೇಸಿಗೆ ಸಿಕ್ಕಿಸಿದರೆ ದನಿಗಿಂತ ಸುಯ್ಯೆನ್ನುವುದೇ ಮುಂದೆ ಬರಬಹುದು. ಕಂಡೆನ್ಸರ್ ತಗೊಂಡರೆ ಮಳೆಗಾಲದ ತೇವದಿಂದ ಕಾಪಾಡಿ, ಇಲ್ಲದಿದ್ದರೆ ಚಟಪಟ ಅನ್ನಲು ಶುರು ಮಾಡುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ.

ಜೋಯಿಡಾದ ಒಳಗಿನ ಹಳ್ಳಿಯವರನ್ನು ಮಾತಾಡಿಸಬೇಕಾ? ನೆಟ್‌ವರ್ಕ್ ನಂಬಬೇಡಿ. ಕರೆ ಮಾಡಿ ಮಾತಾಡಿ, ಆದರೆ ಇಬ್ಬರೂ ತಮ್ಮ ತಮ್ಮ ಕಡೆ ಬೇರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಜೋಡಿಸಿದರಾಯಿತು. ಅವರು ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಲಿ. ಅಲ್ಲೇ ಮೈಕ್ ಒತ್ತಿ ಹಿಡಿದು ಕಳಿಸುವ ವಾಯ್ಸ್ ಮೆಸೇಜು ಹಿಂಡಿ ಹಿಪ್ಪೆಯಾಗಿ ಬರುತ್ತದೆ.

ಹಳೇ ಕ್ಯಾಸೆಟ್ಟಿನ ಯಕ್ಷಗಾನದ ಪದವನ್ನು ಶುರುವಿಗೆ ಹಾಕಬಹುದಾ ಅಂತಲೂ ಕೇಳುತ್ತಾರೆ. ನಾನು ವಕೀಲ ಅಲ್ಲ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ, ಅಲ್ಲಿಯವರೆಗೆ ಹಕ್ಕಿನವರನ್ನು ಕೇಳದೆ ಹಾಕಬೇಡಿ. ಊರಿನ ಭಾಗವತರನ್ನೇ ಕರೆದು ಅರ್ಧ ನಿಮಿಷ ಹಾಡಿಸಿ, ಒಪ್ಪಿಗೆ ಬರೆಸಿಕೊಳ್ಳಿ, ಸಂಭಾವನೆ ಕೊಡಿ.

ಕೊನೆಯ ಫೈಲು ಮೊನೊ, ಅಂದರೆ ಒಂದೇ ಚಾನೆಲ್ಲಿನದು, ಇರಲಿ. ಒಬ್ಬರ ಮಾತಿಗೆ 64 ಕೆಬಿಪಿಎಸ್ ಎಂಪಿ3 ಸಾಕಾಗುತ್ತದೆ, ಒಂದು ಗಂಟೆಗೆ ಸುಮಾರು 29 ಎಂಬಿ. ಸಿಗ್ನಲ್ ಹುಡುಕಿ ಗುಡ್ಡ ಹತ್ತುವವರಿಗೂ ಇಳಿಯುತ್ತದೆ. ದನಿಯ ಮಟ್ಟ ಆಪಲ್ ಪಾಡ್‌ಕಾಸ್ಟ್ಸ್ ಹೇಳುವ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಆಸುಪಾಸು ಇದ್ದರೆ ಸರಿ. ಆಡಾಸಿಟಿಯಲ್ಲಿ ಅದಕ್ಕೆ ಲೌಡ್‌ನೆಸ್ ನಾರ್ಮಲೈಸೇಶನ್ ಅಂತ ಇದೆ.

ಇನ್ನೊಂದು ಮಾತು, ಜೂನಿನಿಂದ ನಾಲ್ಕು ತಿಂಗಳು ತಗಡಿನ ಮಾಡಿನ ಕೆಳಗೆ ಏನೂ ಆಗುವುದಿಲ್ಲ. ಜುಲೈಯಲ್ಲಿ ಫೋನ್ ಮಾಡಿ ಮಳೆ ಸದ್ದು ತೆಗೆದುಕೊಡಿ ಅನ್ನಬೇಡಿ. ಹಲಸಿನ ಹಪ್ಪಳ ಮಾಡಿ ಡಬ್ಬಿ ತುಂಬಿಟ್ಟ ಹಾಗೆ ಕಂತುಗಳನ್ನೂ ಬೇಸಿಗೆಯಲ್ಲೇ ಮುಗಿಸಿಟ್ಟುಕೊಳ್ಳಿ. ಆ ಮೇಲೂ ಮೈಕ್ ಯಾವುದು ಅಂತ ಕೇಳಬೇಕು ಅನ್ನಿಸಿದರೆ ಮೈಕಿನ ಲಿಂಕ್ ಬೇಡ. ಮನೆಯ ಪ್ರತಿ ಕೋಣೆಯಲ್ಲಿ ಒಂದು ಚಪ್ಪಾಳೆ, ನಾಲ್ಕು ಸಾಲು ಮಾತು, ಮೊಬೈಲು ಒಂದು ಗೇಣು ದೂರ, ಇಷ್ಟನ್ನು ರೆಕಾರ್ಡ್ ಮಾಡಿ ಕಳಿಸಿ. ಡಾಕ್ಯುಮೆಂಟ್ ಅಂತ.